ಚಿಲಕದ ತೂತಿನ ಕೆಂಪು ಕಣಜ

ಬೆಳ್ಳಾರೆಯ ನಮ್ಮ ಮನೆಯಲ್ಲಿ ಅಮ್ಮ ಬಟ್ಟೆ ಹೊಲಿಯುವ ಕೋಣೆಯ ಕಿಟಕಿಗೆ ಆ ಬೇಸಿಗೆ ಚಿಲಕ ಬೀಳುತ್ತಿರಲಿಲ್ಲ. ಚಿಲಕದ್ದೇನೂ ತಪ್ಪಿರಲಿಲ್ಲ. ಅದರ ಕಬ್ಬಿಣದ ಕಡ್ಡಿ ಇಳಿದು ಕೂರಬೇಕಾದ ತೂತು, ಕಿಟಕಿ ಚೌಕಟ್ಟಿನ, ಅಂದರೆ ದಾರಂದದ ಕೆಳಮರದಲ್ಲಿದ್ದದ್ದು, ಮಣ್ಣಿನಿಂದ ತುಂಬಿಕೊಂಡಿತ್ತು. ಮನೆ ಕಟ್ಟಿದ ಬಡಗಿ ಆ ತೂತನ್ನು ಅಗತ್ಯಕ್ಕಿಂತ ಆಳವಾಗಿ, ಒಂದು ಬೆರಳಿನಷ್ಟು ಕೊರೆದಿದ್ದ. ಅಮ್ಮ ಹಳೆಯ ಕತ್ತರಿಯ ತುದಿಯಿಂದ ಮಣ್ಣು ಕೆದಕಿ ತೆಗೆಯುತ್ತಿದ್ದಳು. ಮರುದಿನ ಮತ್ತೆ ಅಲ್ಲಿ ಒದ್ದೆ ಕೆಂಪು ಮಣ್ಣು.

ಆ ಕಿಟಕಿಯ ಬಾಗಿಲು ಹೊರಗಡೆಗೆ ಸ್ವಲ್ಪ ವಾಲಿದೆ. ಚಿಲಕ ಇಲ್ಲದಿದ್ದರೆ ಗಾಳಿ ಬೇಕಾಗಿಲ್ಲ, ತಾನಾಗಿ ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಎದುರಿಗೆ ಕೂತವರಿಗೆ, ಯಾರೋ ಹೊರಗಿನಿಂದ ಒಂದು ಬೆರಳಿನಲ್ಲಿ ಎಳೆಯುತ್ತಿದ್ದಾರೆ ಅನ್ನಿಸುವಷ್ಟು ನಿಧಾನ. ಅಮ್ಮ ಬಟ್ಟೆಯ ಅಂಚು ಹರಿದು ಬಾಗಿಲನ್ನು ಸರಳಿಗೆ ಕಟ್ಟಿಡಲು ಶುರುಮಾಡಿದಳು. ಕಟ್ಟು ಸಡಿಲವಾಗಿ ಅದು ಮತ್ತೆ ತೆರೆಯುತ್ತಿತ್ತು.

ನಾನು ಆಗ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪುತ್ತೂರಿನ ಒಂದು ಕಾಲೇಜಿಗೆ ಪಾಠಕ್ಕೆ ಹೋಗಿಬರುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಒಂದು ಸಂಜೆ ಬಸ್ಸಿಳಿದು ಬಂದಾಗ ಅಮ್ಮ ಹೊಲಿಗೆ ಮೆಷಿನು ನಿಲ್ಲಿಸಿ, ಒಂದು ಕೈ ಚಕ್ರದ ಮೇಲಿಟ್ಟು, ತಲೆ ಓರೆಮಾಡಿ ಕೂತಿದ್ದಳು.

"ಕೇಳ್ತದಾ?"

"ಎಂತ?"

"ಈಗ ನಿಂತಿತು. ನೀನು ಬಂದ ಕೂಡ್ಲೆ ನಿಲ್ತದೆ."

ಕೆಲವು ದಿನ ಕಳೆದು ನನಗೂ ಕೇಳಿತು. ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ಎಳೆಯುವ ಸ್ವರ. ನಿದ್ದೆ ಬರುವ ಮೊದಲು ಸಣ್ಣ ಮಕ್ಕಳು ತಮ್ಮಷ್ಟಕ್ಕೆ ಮಾಡುವಂಥದ್ದು. ಕಿಟಕಿಯ ಮರದೊಳಗಿನಿಂದ ಬರುತ್ತಿತ್ತು. ಸ್ವಲ್ಪ ಹೊತ್ತು ಇದ್ದು, ಉಸಿರು ತೆಗೆದುಕೊಂಡಂತೆ ನಿಂತು, ಮತ್ತೆ ಅಷ್ಟೇ ಹೊತ್ತು.

ನನಗಿಂತ ಮೊದಲು ಅಮ್ಮನಿಗೆ ಒಂದು ಹೆಣ್ಣುಮಗು ಹುಟ್ಟಿತ್ತು. ಅಂಬೆಗಾಲಿಡುವ ಮೊದಲೇ ಎದೆಯಲ್ಲಿ ಕಫ ಕಟ್ಟಿ ಅದೇ ಕೋಣೆಯಲ್ಲಿ ತೀರಿಕೊಂಡಿತು. ಹಿಂದಿನ ದಿನ ಇಡೀ ಮಳೆಗಾಳಿ ಇತ್ತು, ಕಿಟಕಿ ತೆರೆದೇ ಇತ್ತು. ಹಾಕಬೇಕಾದವಳು ಅಮ್ಮ. ಇದನ್ನು ಅವಳು ನನಗೆ ಒಂದೇ ಸಲ ಹೇಳಿದ್ದಾಳೆ. ಹೇಳುವಾಗ ಯಾರದೋ ರವಿಕೆಯ ತೋಳಿಗೆ ಅಂಚು ಕೂರಿಸುತ್ತಿದ್ದಳು; ಕೈ ನಿಲ್ಲಿಸಲಿಲ್ಲ.

ಸತ್ತ ಮಗುವಿಗೂ ನಮ್ಮ ಕಡೆ ವಯಸ್ಸಾಗುತ್ತದೆ. ಇದ್ದಿದ್ದರೆ ಮದುವೆಯ ಪ್ರಾಯ ಬರುತ್ತಿತ್ತು ಎನ್ನುವ ಹೊತ್ತಿಗೆ ಮನೆಯಲ್ಲಿ ಏನಾದರೊಂದು ತೊಡಕು ಕಾಣಿಸಿಕೊಳ್ಳುತ್ತದೆ. ಕಿರಿಯರ ಕಾರ್ಯಗಳು ನಿಂತುಹೋಗುತ್ತವೆ. ಆಗ ಹಿರಿಯರು, ಹೋಗಲಾರದೆ ಉಳಿದ ಆ ಜೀವ, ಅಂದರೆ ಕುಲೆ, ಕೇಳುತ್ತಿದೆ ಎನ್ನುತ್ತಾರೆ. ಇನ್ನೊಂದು ಮನೆಯಲ್ಲಿ ಅದೇ ರೀತಿ ಸಣ್ಣದರಲ್ಲಿ ಹೋದ ಹುಡುಗನನ್ನು ಹುಡುಕಿ, ಗೋತ್ರದ ಹಾಗಿನ ಬಳಿ ಬೇರೆಯೇ ಎಂದು ನೋಡಿ, ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳ ಮಳೆಯಲ್ಲಿ ಇಬ್ಬರಿಗೂ ಮದುವೆ ಮಾಡುತ್ತಾರೆ. ಕುಲೆಗಳ ಮದುವೆ. ಚಿಕ್ಕವಳಿದ್ದಾಗ ದೊಡ್ಡವರು ಇಂಥ ಮದುವೆಗೆ ಹೊರಡುವುದನ್ನು ನೋಡಿದ್ದೆ. ಮಕ್ಕಳನ್ನು ಕರೆದೊಯ್ಯುತ್ತಿರಲಿಲ್ಲ.

ನನಗೆ ಬಂದ ಒಂದೆರಡು ಸಂಬಂಧಗಳು ಮಾತಿನ ತನಕ ಬಂದು ನಿಂತಿದ್ದವು. ನನಗೆ ಅದರಿಂದ ದುಃಖವೇನೂ ಆಗಿರಲಿಲ್ಲ. ಆದರೆ ಅಮ್ಮ ಸಂಬಂಧ ನಿಂತದ್ದನ್ನು, ಚಿಲಕ ಬೀಳದಿರುವುದನ್ನು, ಆ ಸ್ವರವನ್ನು ಒಂದರ ಪಕ್ಕ ಒಂದಿಟ್ಟು, ಬಟ್ಟೆಯ ತುಂಡುಗಳನ್ನು ಹೊಂದಿಸುವಂತೆ ಹೊಂದಿಸಿದಳು. "ಅವಳಿಗೆ ಹೋಗ್ಲಿಕ್ಕೆ ಉಂಟು. ಅದಕ್ಕೇ ಕಿಟಕಿ ಹಾಕ್ಲಿಕ್ಕೆ ಬಿಡುದಿಲ್ಲ" ಎಂದಳು. ದೊಡ್ಡ ಮಗಳನ್ನು ಮನೆಯಿಂದ ಸರಿಯಾಗಿ ಕಳಿಸಿಕೊಟ್ಟು ಆ ಕಿಟಕಿಯನ್ನು ಒಮ್ಮೆ ಮುಚ್ಚಬೇಕು. ಅಮ್ಮನಿಗೆ ಬೇಕಾದದ್ದು ಇಷ್ಟೇ.

ಕಾಣಿಯೂರಿನ ಮಾವ ಒಪ್ಪದೆ ನಮ್ಮಲ್ಲಿ ಯಾವ ಕಾರ್ಯವೂ ಆಗುವುದಿಲ್ಲ. ಮಾವ ಎಂದರೆ ಅಮ್ಮನ ಅಣ್ಣ. ಅವರು ಬಂದು ಚಹಾ ಕುಡಿದು, ಕಿಟಕಿ ನೋಡಿ, ತಲೆ ಅಲ್ಲಾಡಿಸಿದರು.

"ಈಗ ಇದನ್ನೆಲ್ಲ ಮಾಡಿದ್ರೆ ಯಾರಾದ್ರೂ ಮೊಬೈಲಿನಲ್ಲಿ ಹಿಡಿದು ಹಾಕ್ತಾರೆ. ಮತ್ತೆ ಊರೂರಿನವರು ನಮ್ಮನ್ನು ನೋಡಿ ನೆಗಾಡುದು."

"ನೆಗಾಡ್ಲಿ. ಅವರ ಮಗಳಲ್ಲ."

"ಹುಳ ಎಂತದಾದ್ರೂ ಕೂತಿರ್ಬಹುದು ಮಾರಾಯ್ತಿ."

"ಹುಳ ಆದ್ರೆ ಹುಳದ ಹಾಗೆ ಇರ್ಬೇಕು. ಇದು ನಾನು ಕೆಲಸ ನಿಲ್ಲಿಸುದನ್ನು ಕಾಯ್ತದೆ."

ಮಾವ ನನ್ನ ಕಡೆ ತಿರುಗಿದರು. "ನೀನು ಹುಳದ್ದೇ ಓದಿದ್ದಲ್ವಾ ಮಗಾ?"

ನಾನು ಓದಿನಲ್ಲಿ ಹತ್ತಿರದಿಂದ ನೋಡಿದ್ದು ಗದ್ದೆಯ ಏಡಿಗಳನ್ನು. ಹೇಳಿದೆ. ಮಾವನಿಗೆ ಅದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

"ಕಾಲು ಇಷ್ಟಿಷ್ಟು ಇರುವ ಎಲ್ಲ ಒಂದೇ. ಹಿಡಿದು ನೋಡಿ ಹೇಳು. ಹುಳ ಅಂತ ಆದ್ರೆ ಈ ಮದುವೆಯ ಮಾತು ಇಲ್ಲಿಗೆ ಮುಗೀತು. ಅಲ್ಲ ಅಂತ ಆದ್ರೆ ಹುಡುಗನನ್ನು ನಾನೇ ಹುಡುಕಿ ತರ್ತೇನೆ."

ಅಮ್ಮ ನನ್ನನ್ನೇ ನೋಡಿದಳು. ತೀರ್ಮಾನ ನನ್ನ ಕೈಗೆ ಬಂದದ್ದು ಅವಳಿಗೆ ಹಿಡಿಸಲಿಲ್ಲ ಎಂದು ತಿಳಿಯಿತು. ನನಗೂ ಹಿಡಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಿಸಿಲು ಏರುವಾಗ ಅದು ಬಂತು. ಸರಳುಗಳ ನಡುವೆ ಒಳಗೆ ನುಗ್ಗಿ, ತೂತಿನ ಬಾಯಲ್ಲಿ ಕೂತು, ದವಡೆಯಲ್ಲಿದ್ದ ಮಣ್ಣಿನ ಉಂಡೆಯನ್ನು ಒತ್ತತೊಡಗಿತು. ಒತ್ತುವಾಗ ಆ ಸ್ವರ ಎದ್ದಿತು. ರೆಕ್ಕೆ ಮಡಚಿಕೊಂಡೇ ಎದೆಯ ಸ್ನಾಯುಗಳನ್ನು ನಡುಗಿಸಿ ಮಣ್ಣು ಕೂರಿಸುವ ಕ್ರಮ ಇಂಥವುಗಳಲ್ಲಿ ಇದೆ. ಟೊಳ್ಳು ಮರ ಸ್ವರವನ್ನು ದೊಡ್ಡದು ಮಾಡುತ್ತದೆ. ನಾನು ಗಾಜಿನ ಲೋಟ ಕವುಚಿ, ಅಡಿಗೆ ಅಮ್ಮನ ಅಳತೆ ಕಾಗದ ತೂರಿಸಿ ಹಿಡಿದೆ. ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಚಳಿಗೆ ಮರಗಟ್ಟಿದ ಮೇಲೆ ಹೊಲಿಗೆ ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ಮಲಗಿಸಿ, ಭೂತಗನ್ನಡಿ ಹಿಡಿದು ಕೂತೆ.

ಮಣ್ಣಿನ ಗೂಡು ಮಾಡುವ ಎಲ್ಲವನ್ನೂ ಜನ ಕುಂಬಾರ ಹುಳ ಎಂದುಬಿಡುತ್ತಾರೆ. ಹೆಸರು ಒಂದಾದರೂ ಜೀವಿಗಳು ಹಲವು. ಬಣ್ಣ ಮೊದಲು ಕಣ್ಣಿಗೆ ಬೀಳುತ್ತದೆ. ಗುರುತು ಹಿಡಿಯುವಾಗ ಅದನ್ನು ಕೊನೆಗೆ ನೋಡಬೇಕು, ಏಕೆಂದರೆ ಕೆಂಪು ಕಪ್ಪು ಬಣ್ಣದ ಕಣಜಗಳು ಒಂದರಂತೆ ಇನ್ನೊಂದು ಕಾಣುತ್ತವೆ. ಮೊದಲು ರೆಕ್ಕೆ ನೋಡಿದೆ. ಹೊಗೆಬಣ್ಣದ ರೆಕ್ಕೆ, ಓರೆ ಬೆಳಕಿಗೆ ನೇರಳೆ ಹೊಳಪು. ಉದ್ದಕ್ಕೆ ಎರಡಾಗಿ ಮಡಚಿತ್ತು.

ಬಾಗಿಲಲ್ಲಿ ನಿಂತಿದ್ದ ಅಮ್ಮ ಬಗ್ಗಿ ನೋಡಿ, "ನೆರಿಗೆ ಹಿಡಿದ ಹಾಗೆ ಉಂಟು" ಎಂದಳು.

ಹಾಗೆ ನೆರಿಗೆ ಹಿಡಿದಿದ್ದರಿಂದ ಗೋಡೆಯಲ್ಲಿ ಮಣ್ಣಿನ ಕೊಳವೆ ಮೆತ್ತುವ, ದಾರದಂಥ ಸೊಂಟದ ಹುಳ ಇದಲ್ಲ ಎಂದಾಯಿತು. ಅದರ ರೆಕ್ಕೆ ಮಡಚುವುದಿಲ್ಲ. ಸೊಂಟ ಸಣ್ಣದೇ, ಆದರೆ ಮೋಟು. ಹೊಟ್ಟೆಯ ಮೊದಲ ಖಂಡ ಬಟ್ಟಲಿನಂತೆ ಅಗಲವಾಗಿ ಎರಡನೆಯದಕ್ಕೆ ಸೇರಿಕೊಂಡಿತ್ತು. ಪುಟ್ಟ ಮಡಕೆ ಮಾಡುವ ಕಣಜಕ್ಕೆ ಆ ಖಂಡ ಸೌಟಿನ ಹಿಡಿಯಂತೆ ಉದ್ದ ಇರುತ್ತದೆ. ಆದ್ದರಿಂದ ಅದೂ ಅಲ್ಲ. ಕಣ್ಣುಗಳು ಗೇರುಬೀಜದ ಆಕಾರ, ಒಳಬದಿಗೆ ಕಚ್ಚು. ದವಡೆಗಳು ಉದ್ದ, ಚೂಪು, ಮುಚ್ಚಿದಾಗ ಒಂದರ ಮೇಲೊಂದು ದಾಟಿ ಕೊಕ್ಕಿನಂತೆ ಮುಂದೆ ಚಾಚಿದ್ದವು. ಗುಂಪಾಗಿ ಗೂಡು ಕಟ್ಟುವ ಕಣಜಗಳ ದವಡೆ ಮೋಟು. ನಡುಗಾಲಿನ ತುದಿಯಲ್ಲಿ ಅವಕ್ಕೆ ಎರಡು ಮುಳ್ಳು, ಇದಕ್ಕೆ ಒಂದೇ. ಕಾಲಿನ ಉಗುರುಗಳು ತುದಿಯಲ್ಲಿ ಸೀಳಿದ್ದವು. ಮೀಸೆಯ ತುದಿ ನೇರ. ಗಂಡಾಗಿದ್ದರೆ ಅಲ್ಲಿ ಸಣ್ಣ ಕೊಕ್ಕೆ ಇರಬೇಕು. ಹೆಣ್ಣು.

ಕೊನೆಗೆ ಬಣ್ಣ. ತಲೆ ಮತ್ತು ಎದೆ ತುಕ್ಕಿನ ಕೆಂಪು, ರೆಕ್ಕೆಗಳ ನಡುವಿನ ಬೆನ್ನಿನಲ್ಲಿ ಕಪ್ಪು. ಕೆಂಪು ಹೊಟ್ಟೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ಇಂಗ್ಲಿಷಿನವರು ಇವಕ್ಕೆ ಇಟ್ಟ ಹೆಸರನ್ನು ನಮ್ಮಲ್ಲಿ ಗಾರೆ ಕಣಜ ಎನ್ನಬಹುದು. ಸ್ವಂತ ಗೂಡು ಕಟ್ಟದೆ, ಇರುವ ತೂತನ್ನು ಗೋಡೆ ಹಾಕಿ ಕೋಣೆ ಮಾಡಿಕೊಳ್ಳುವ ಜಾತಿ. ರಿಂಕಿಯಮ್ ಎಂಬ ಕುಲದ್ದಿರಬೇಕು ಎಂಬಲ್ಲಿಗೆ ನಿಲ್ಲಿಸಿದೆ. ಅದರಿಂದಾಚೆ ಹೇಳಲು ಅದನ್ನು ಕೊಂದು ಪಿನ್ನು ಚುಚ್ಚಬೇಕಿತ್ತು.

ಬಿಸಿ ಹತ್ತಿದಂತೆ ಅದಕ್ಕೆ ಜೀವ ಮರಳಿತು. ಮೊದಲು ಹೊಟ್ಟೆ ಏರಿ ಇಳಿಯಿತು. ಬಳಿಕ ಮೀಸೆ ಮಿಸುಕಿತು. ಕಡೆಗೆ ಮುಖ ಇಡಿಯಾಗಿ ನನ್ನ ಕಡೆ ತಿರುಗಿತು. ಗಾಜಿನ ಕೆಳಗೆ ಆ ಮುಖ ನನ್ನ ಅಂಗೈಯಷ್ಟಿತ್ತು. ಅದು ಹಾರಲಿಲ್ಲ. ಮುಂಗಾಲಿನಿಂದ ಕಣ್ಣು ಒರೆಸಿಕೊಳ್ಳುತ್ತ ಕೂತಿತು.

ಆಗ ಕಿಟಕಿಯಿಂದ ಆ ಸ್ವರ ಕೇಳಿಸಿತು.

ಹುಳ ನನ್ನ ಎದುರಿಗಿತ್ತು. ನಾನು ಎದ್ದು ಹೋಗಿ ನೋಡಿದೆ. ತೂತಿನ ಬಾಯಲ್ಲಿ ಅರ್ಧ ಮೆತ್ತಿದ ಒದ್ದೆ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಸ್ವರ ನಿಂತಿತು. ಇನ್ನೊಂದು ಹೆಣ್ಣು ಬಂದು ಹೋಗಿರಬಹುದು. ಬಂದದ್ದನ್ನಾಗಲಿ ಹೋದದ್ದನ್ನಾಗಲಿ ನಾನು ನೋಡಲಿಲ್ಲ.

"ಬಿಡು ಅದನ್ನು. ಮೊಟ್ಟೆ ಇಡ್ಲಿಕ್ಕೆ ಬಂದದ್ದು" ಎಂದಳು ಅಮ್ಮ. ಬಟ್ಟೆಯ ಸಮೇತ ಎತ್ತಿ ಕಿಟಕಿಯ ಹತ್ತಿರ ಹಿಡಿದೆ. ಅದು ನೇರ ತೂತಿಗೇ ಹೋಯಿತು.

ಮಾವ ಬಂದಾಗ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವರಿಗೆ ಖುಷಿಯಾಯಿತು. ಕುರ್ಚಿಗೆ ಬೆನ್ನು ಕೊಟ್ಟು, "ಇದಾ, ಹುಳ. ಮುಗೀತಲ್ಲ?" ಎಂದರು.

ಅಮ್ಮ ನನ್ನನ್ನು ಕೇಳಿದಳು, "ಆ ಹುಳ ಜೋರು ಮಳೆಯಲ್ಲಿ ಹಾರ್ತದಾ?"

"ಹಾರುದು ಕಡಿಮೆ."

"ಕಳೆದ ಆಟಿಯಲ್ಲಿ ಮೂರು ಹೊತ್ತೂ ಮಳೆ ಇತ್ತು. ಆಗಲೂ ನಾನು ಕೇಳಿದ್ದೇನೆ."

ಮಾವ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು. ನಾನು ಸುಮ್ಮನಿರಬಹುದಿತ್ತು. ಆದರೆ ಕಂಡದ್ದನ್ನು ಹೇಳಿ ಕೇಳಿದ್ದನ್ನು ಬಿಟ್ಟರೆ ಹೇಳಿದ್ದು ಅರ್ಧವಾಗುತ್ತದೆ. "ಮಣ್ಣು ತುಂಬಿದ್ದು ಹುಳವೇ ಮಾವ. ಸ್ವರ ಪೂರಾ ಅದರದ್ದೇ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಅದು ಮೇಜಿನ ಮೇಲೆ ಇದ್ದಾಗಲೂ ಕಿಟಕಿಯಲ್ಲಿ ಕೇಳಿತು."

"ನಿನ್ನನ್ನು ಇಷ್ಟು ಓದಿಸಿದ್ದು ಎಂತಕ್ಕೆ ಮಾರಾಯ್ತಿ, ಹೌದು ಅಲ್ಲ ಎರಡನ್ನೂ ಒಟ್ಟಿಗೆ ಹೇಳ್ಲಿಕ್ಕಾ?" ಎಂದು ಮಾವ ನಕ್ಕರು. ಆಮೇಲೆ ನಗು ಬಿಟ್ಟು, ಕಿಟಕಿಯ ಕಡೆ ಸ್ವಲ್ಪ ಹೊತ್ತು ನೋಡಿ, ಕುರ್ಚಿಯನ್ನು ಅದರಿಂದ ದೂರಕ್ಕೆ ಎಳೆದುಕೊಂಡು ಕೂತರು. ಹೋಗುವಾಗ ಅಮ್ಮನಿಗೆ, "ಹುಡುಗನನ್ನು ನೋಡ್ತೇನೆ" ಎಂದರು.

ಹುಡುಗ ಸಿಕ್ಕಿದ್ದು ಉಪ್ಪಿನಂಗಡಿಯ ಹತ್ತಿರ. ತುಂಬಾ ಸಣ್ಣವನಿದ್ದಾಗ ಹೊಳೆಗೆ ಬಿದ್ದು ಹೋದವನು. ಅವನ ತಾಯಿ ಹೆಣ್ಣು ನೋಡಲು ಬಂದರು. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಒಂದು ಪ್ಯಾಕೆಟ್ ಸಿಹಿ ಹಿಡಿದುಕೊಂಡು, ಯಾವ ಮನೆಗೂ ಹೆಣ್ಣು ಕೇಳಲು ಬರುವಂತೆ. ಹೊಲಿಗೆ ಕೋಣೆಯಲ್ಲೇ ಕೂತು ಇಬ್ಬರೂ ಮಾತಾಡಿದರು. ನಾನು ಚಹಾ ತಂದೆ. ಅಮ್ಮ ಒಂದು ಲೋಟ ಹೆಚ್ಚು ತರಲು ಹೇಳಿ ಅದನ್ನು ಕಿಟಕಿಯ ಬದಿಗಿಟ್ಟಳು.

"ನಮ್ಮವ ಪಾಪದವ" ಎಂದರು ಆ ತಾಯಿ. "ಒಂದೇ ವಿಷಯ ಅಕ್ಕ. ಅವನಿಗೆ ನೀರು ಅಂದ್ರೆ ಈಗಲೂ ಹೆದರಿಕೆ. ಧಾರೆಯ ನೀರು ಸ್ವಲ್ಪವೇ ಬಿಡುವ."

"ಆಯ್ತು. ನಮ್ಮವಳಿಗೂ ಶೀತ ಆಗುದಿಲ್ಲ. ಗಾಳಿ ಬರುವಲ್ಲಿ ಕೂರಿಸ್ಬೇಡಿ."

"ಇಲ್ಲಪ್ಪ. ನಡುವಿನ ಕೋಣೆಯಲ್ಲೇ ಮಾಡುದು." ಅವರು ಚಹಾ ಊದಿ ಕುಡಿದರು. "ಹುಡುಗಿ ಎತ್ತರ ಎಷ್ಟಿರ್ಬಹುದು? ನಮ್ಮವ ಅವನ ಅಪ್ಪನ ಹಾಗೆ ಆದ್ರೆ ಬಾಗಿಲಿಗೆ ತಲೆ ತಾಗಬೇಕು."

ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು.

"ಇವಳಿಂದ ಒಂದು ಅಂಗುಲ ಹೆಚ್ಚು" ಎಂದಳು ಅಮ್ಮ, ಯೋಚಿಸದೆ.

ಮದುಮಗಳಿಗೆ ರವಿಕೆ ಹೊಲಿಯಬೇಕಿತ್ತು. ಬಟ್ಟೆ ಕತ್ತರಿಸುವ ದಿನ ಅಮ್ಮ ನನ್ನನ್ನು ಕೋಣೆಯ ನಡುವೆ ನಿಲ್ಲಿಸಿ ಟೇಪು ಹಿಡಿದಳು. ಹೆಗಲಿಂದ ಹೆಗಲಿಗೆ, ಕಂಕುಳ ಸುತ್ತ, ತೋಳಿನ ಉದ್ದಕ್ಕೆ. ನನ್ನ ಅಳತೆ ಅವಳಿಗೆ ಬಾಯಿಪಾಠ. ಯಾವತ್ತೂ ಟೇಪು ಹಿಡಿದವಳಲ್ಲ. "ಭುಜ ಸ್ವಲ್ಪ ಅಗಲ ಇಡ್ತೇನೆ. ಅಪ್ಪನ ಭುಜ ಅವಳದ್ದು" ಎಂದಳು. ಟೇಪಿನ ಲೋಹದ ತುದಿ ಬೆನ್ನಿಗೆ ತಣ್ಣಗೆ ತಾಗಿತು. ಅಳೆಯುವಾಗ ಅವಳ ಕಣ್ಣು ನನ್ನ ತಲೆಯ ಮೇಲೆ ಒಂದಂಗುಲದಷ್ಟು ಗಾಳಿಯಲ್ಲಿ ನಿಂತಿತ್ತು. ನಾನು ಅಲುಗದೆ ನಿಂತೆ. ಆ ಭಾನುವಾರ ಹುಳವನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ ನಾನು ನೋಡಿದ್ದು ನೆನಪಾಯಿತು.

ಹೊಲಿದ ರವಿಕೆಯನ್ನು ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದಳು. ಬಾಗಿಲು ತಾನಾಗಿ ತೆರೆದಾಗಲೆಲ್ಲ ಅದರ ತೋಳು ಆಡುತ್ತಿತ್ತು.

ಮದುವೆ ನಿಶ್ಚಯವಾದ ಮೇಲೆ ಅಮ್ಮ ತೂತನ್ನು ಕೆದಕುವುದು ಬಿಟ್ಟಳು. ಕಣಜ ತನ್ನ ಕೆಲಸ ಪೂರ್ತಿ ಮಾಡಿತು, ನಾನು ಪೂರ್ತಿ ನೋಡಿದೆ. ಮೊಬೈಲಿನ ಬೆಳಕು ಬಿಟ್ಟರೆ ತೂತಿನೊಳಗೆ ಕಾಣುತ್ತಿತ್ತು. ಅಡಿಯಲ್ಲಿ ಮೊದಲ ಮೊಟ್ಟೆ, ಕೂದಲಿನಂಥ ನೂಲಿನಲ್ಲಿ ತೂಗುಹಾಕಿದ್ದು. ಆಮೇಲೆ ಒಂದೊಂದಾಗಿ ಹಸುರು ಹುಳುಗಳನ್ನು ತಂದು ತುರುಕಿತು. ಅವು ಸತ್ತಿರಲಿಲ್ಲ. ಕಣಜ ಕುಟುಕಿದ ಮೇಲೆ ಅವುಗಳಿಗೆ ಓಡಲಾಗುವುದಿಲ್ಲ, ಕೊಳೆಯುವುದೂ ಇಲ್ಲ. ಕಡ್ಡಿಯ ತುದಿ ತಾಗಿಸಿದರೆ ಒಂದು ಸಣ್ಣ ನಡುಕ ಬಂದು ಹೋಗುತ್ತಿತ್ತು. ಅವುಗಳ ಮೇಲೆ ಮಣ್ಣಿನ ತೆಳು ಗೋಡೆ. ಗೋಡೆಯ ಮೇಲೆ ಎರಡನೆಯ ಮೊಟ್ಟೆ, ಮತ್ತೆ ಹುಳುಗಳು. ಎಲ್ಲದರ ಮೇಲೆ ದಪ್ಪ ಮುಚ್ಚಳ. ಮುಚ್ಚಳವನ್ನು ಮುಖದಿಂದ ತಟ್ಟಿ ತಟ್ಟಿ ಮರದ ಮಟ್ಟಕ್ಕೆ ತಂದು ಹಾರಿಹೋಯಿತು. ಮತ್ತೆ ಬರಲಿಲ್ಲ. ತನ್ನ ಮರಿಯನ್ನು ನೋಡುವುದು ಅದಕ್ಕೆ ಇಲ್ಲ.

ಇಂಥ ಗೂಡುಗಳಲ್ಲಿ ಆಳದಲ್ಲಿ ಇಡುವುದು ಹೆಚ್ಚಾಗಿ ಹೆಣ್ಣು ಮೊಟ್ಟೆ, ಬಾಗಿಲ ಹತ್ತಿರದ್ದು ಗಂಡು. ಬಾಗಿಲ ಹತ್ತಿರದ್ದು ಬೇಗ ಬೆಳೆದು ಮೊದಲು ಹೊರಡುತ್ತದೆ. ಅದು ಹೊರಡುವ ತನಕ ಹಿಂದಿನದ್ದಕ್ಕೆ ದಾರಿ ಇಲ್ಲ. ಇದು ನನಗೆ ಆಗ ಬರಿಯ ಒಂದು ವಿವರ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಟಿಯಲ್ಲಿ ಮದುವೆಯಾಯಿತು. ಮದುವೆಯಾಗದವರು ಆ ಮದುವೆಯನ್ನು ನೋಡಬಾರದು. ಆದ್ದರಿಂದ ಅಕ್ಕನ ಮದುವೆಗೆ ನಾನು ಹೋಗಲಿಲ್ಲ. ಬೆಳಿಗ್ಗೆ ಬಾಡಿಗೆ ಜೀಪು ಬಂತು. ಅಮ್ಮ ಬಳೆ, ಹೂ, ಸೀರೆ ರವಿಕೆಗಳ ತಟ್ಟೆ ಹಿಡಿದು ಹಿಂದಿನ ಸೀಟಿನ ಒಂದು ಬದಿ ಕೂತಳು. ಮಾವ ಹತ್ತಲು ಹೋದಾಗ ತಡೆದಳು.

"ನಡುವಿನ ಜಾಗ ಬಿಡಿ ಅಣ್ಣ."

"ಇಷ್ಟು ಜಾಗ ಎಂತಕ್ಕೆ? ಮಗು ಅದು."

"ಮದುಮಗಳು. ಸೀರೆ ಮುದ್ದೆ ಆಗ್ತದೆ."

ಮಾವ ಬಾಗಿಲಿಗೆ ಅಂಟಿಕೊಂಡು ಕೂತರು. ಚಾಲಕ ಕನ್ನಡಿಯಲ್ಲಿ ಖಾಲಿ ಜಾಗವನ್ನು ಒಮ್ಮೆ ನೋಡಿ ಗಾಡಿ ಬಿಟ್ಟ. ತಿರುವಿನಲ್ಲಿ ಅಮ್ಮ ಒಂದು ಕೈಯನ್ನು ಆ ಖಾಲಿ ಸೀಟಿಗೆ ಅಡ್ಡ ಹಿಡಿದದ್ದು ಹಿಂದಿನ ಗಾಜಿನಲ್ಲಿ ಕಂಡಿತು.

ನಾನು ಮನೆಯೊಳಗೆ ಬಂದು ಉತ್ತರ ಪತ್ರಿಕೆ ತಿದ್ದಲು ಕೂತೆ. ಬೇರೆ ಕೋಣೆಯಲ್ಲಿ ಕೂರಬಹುದಿತ್ತು. ಹೊಲಿಗೆ ಕೋಣೆಯಲ್ಲಿ ಬೆಳಕು ಚೆನ್ನಾಗಿತ್ತು. ಮಳೆ ಬಂದು ಬಿಡುತ್ತಿತ್ತು. ಮೊಳೆಯಲ್ಲಿ ಈಗ ರವಿಕೆ ಇರಲಿಲ್ಲ. ಅದು ತೂಗಿದ್ದ ಜಾಗವನ್ನು ನೋಡದಿರಲು ನಾನು ಪ್ರಯತ್ನಪಡುತ್ತಿದ್ದೇನೆ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಆಗ ಸ್ವರ ಶುರುವಾಯಿತು. ಮೊದಲಿನ ಹಾಗೆ ಎಳೆಯುವುದಲ್ಲ. ಕೆರೆಯುವುದು, ನಿಲ್ಲುವುದು, ಸಣ್ಣಗೆ ಗುಂಯ್ ಎನ್ನುವುದು.

ಕಟ್ಟಿದ ಬಟ್ಟೆ ಬಿಚ್ಚಿದೆ. ಬಾಗಿಲು ತನ್ನಷ್ಟಕ್ಕೆ ತೆರೆಯಿತು. ಒಣಗಿ ಬೆಳ್ಳಗಾಗಿದ್ದ ಮುಚ್ಚಳದ ನಡುವೆ ಒಂದು ಒದ್ದೆ ಚುಕ್ಕೆ ಮೂಡಿತ್ತು. ಒಳಗಿನಿಂದ ಅದು ಉಗುಳು ಬಿಟ್ಟು ಮಣ್ಣು ಮೆದು ಮಾಡುತ್ತಿತ್ತು. ಚುಕ್ಕೆ ಹರಡಿತು, ನಡುವೆ ಕುಸಿಯಿತು, ದವಡೆಯ ತುದಿ ಹೊರಗೆ ಬಂತು. ಬಳಿಕ ಕೆಂಪು ಮುಖ. ಮೀಸೆಯ ತುದಿಯಲ್ಲಿ ಕೊಕ್ಕೆ. ಗಂಡು, ತಾಯಿಗಿಂತ ಸಣ್ಣದು. ಮರದ ಮೇಲೆ ನಿಂತು ರೆಕ್ಕೆಯ ನೆರಿಗೆ ಬಿಡಿಸಿ, ಮತ್ತೆ ಮಡಚಿ, ಮಳೆ ಬಿಟ್ಟ ಹೊತ್ತು ನೋಡಿ ಹಾರಿತು. ಧಾರೆಯ ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಎರಡಕ್ಕೂ ಹೊಂದಿಕೆ ಇಲ್ಲ ಎಂದು ಮನಸ್ಸಿನಲ್ಲೇ ಸ್ಪಷ್ಟ ಮಾಡಿಕೊಂಡೆ.

ತೂತಿನ ಕೆಳಗೆ, ನಡುವಿನ ತೆಳು ಗೋಡೆಯ ಆಚೆಯಿಂದ, ಕೆರೆಯುವ ಸದ್ದು ಇನ್ನೂ ಬರುತ್ತಿತ್ತು.

ಸಂಜೆ ದೀಪ ಇಡುವ ಮೊದಲು ಅವರು ಬಂದರು. ಈಗ ಮಾವ ಸೀಟಿನ ನಡುವೆ ಆರಾಮವಾಗಿ ಕೂತಿದ್ದರು. "ಊಟ ಲಾಯ್ಕಿತ್ತು. ಮದುಮಗ ಎಂತ ಗಲಾಟೆ ಮಾಡ್ಲಿಲ್ಲ" ಎಂದು ಹೇಳಿ, ನಾನು ನಗುವುದನ್ನು ಕಾಯದೆ ಅದೇ ಜೀಪಿನಲ್ಲಿ ಕಾಣಿಯೂರಿಗೆ ಹೋದರು. ಅಮ್ಮನ ಮುಖ ಹಗುರವಾಗಿತ್ತು. ಕಾಲು ತೊಳೆದು, ಸೀರೆ ಬದಲಿಸದೆ, ನೇರ ಕಿಟಕಿಗೆ ಹೋದಳು. ಬಾಗಿಲೆಳೆದು ಚಿಲಕ ಇಳಿಸಿದಳು. ಕಡ್ಡಿ ತೂತಿಗೆ ಹೋಯಿತು. ಅರ್ಧದಲ್ಲಿ ನಿಂತಿತು. ಅಮ್ಮ ಅಂಗೈ ಊರಿ ಒತ್ತಿದಳು.

"ಇಷ್ಟು ಸಾಕು" ಎಂದಳು. "ಹೋದಳಲ್ಲ."

ನಾನು ಸುಮ್ಮನಿದ್ದರೆ ಆ ಕಿಟಕಿ ಮುಚ್ಚಿಕೊಂಡಿರುತ್ತಿತ್ತು. ಅಮ್ಮನಿಗೆ ಬೇಕಾದದ್ದು ಸಿಕ್ಕಿತ್ತು. ಕಬ್ಬಿಣದ ತುದಿ ಒಂದು ತೆಳು ಗೋಡೆಯ ಮೇಲೆ ಕೂತಿತ್ತು, ಗೋಡೆಯ ಕೆಳಗೆ ಜೀವ ಇತ್ತು. ಇನ್ನೊಮ್ಮೆ ಒತ್ತಿದರೆ ಅದು ಕುಸಿಯುತ್ತಿತ್ತು.

"ಅಮ್ಮ, ಚಿಲಕ ಎತ್ತು."

"ಯಾಕೆ?"

"ಒಳಗೆ ಇನ್ನೊಂದುಂಟು."

"ತೂತು ತೆರೆದಿದೆಯಲ್ಲ. ಹೋಗಿದೆ ಅದು."

"ಹೋದದ್ದು ಎರಡನೆಯದ್ದು. ಮೊದಲು ಇಟ್ಟದ್ದು ಅಡಿಯಲ್ಲಿ ಉಂಟು. ಹೆಣ್ಣು, ಹೆಚ್ಚಾಗಿ."

ಅಮ್ಮನ ಕೈ ಚಿಲಕದ ಮೇಲೆಯೇ ಇತ್ತು. "ಮೊದಲಿನದ್ದು ಮೊದಲು ಹೋಗ್ಬೇಕಲ್ವಾ?"

"ದಾರಿ ಇಲ್ಲ. ಬಾಗಿಲ ಹತ್ತಿರ ಇದ್ದದ್ದು ಹೋದ ಮೇಲೆಯೇ ಅದಕ್ಕೆ ದಾರಿ."

"ದೊಡ್ಡದು ಸಣ್ಣದಕ್ಕೆ ಕಾಯುದಾ?"

"ಹೌದು."

ಅಮ್ಮ ತಿರುಗಿ ನನ್ನನ್ನು ನೋಡಿದಳು. ಅಳತೆ ತೆಗೆದ ದಿನದ ಹಾಗೆ, ಹೆಗಲಿಂದ ಹೆಗಲಿಗೆ, ಆಮೇಲೆ ತಲೆಯ ಮೇಲಿನ ಆ ಒಂದು ಅಂಗುಲ.

"ಹಾಗಾದ್ರೆ ನೀನು ಈ ಮನೆಯಲ್ಲಿ ಇರುವವರೆಗೆ ಅವಳೂ ಇರ್ತಾಳೆ" ಎಂದಳು.

ನಾನು ಆ ಮಾತಿನಲ್ಲಿ ಹೆದರಿಕೆ ಹುಡುಕಿದೆ. ಸಿಟ್ಟು ಹುಡುಕಿದೆ. ಇಷ್ಟೆಲ್ಲ ಮಾಡಿದ ಮದುವೆ ವ್ಯರ್ಥವಾಯಿತೆಂಬ ಬೇಸರವನ್ನಾದರೂ ಹುಡುಕಿದೆ. ಯಾವುದೂ ಇರಲಿಲ್ಲ. ಮುಗಿಯಿತು ಎಂದುಕೊಂಡ ಬಟ್ಟೆಯಲ್ಲಿ ಇನ್ನೊಂದು ತೋಳಿಗಾಗುವಷ್ಟು ತುಂಡು ಉಳಿದದ್ದು ಕಂಡಾಗ ಅಮ್ಮ ಮಾತಾಡುವ ಧ್ವನಿ ಅದು.

ಅವಳು ಚಿಲಕ ಎತ್ತಿದಳು. ಬಾಗಿಲು ನಿಧಾನಕ್ಕೆ ತೆರೆಯಿತು. ಅದನ್ನು ಕಟ್ಟಲು ಅವಳು ಬಟ್ಟೆಯ ಅಂಚು ಹುಡುಕಲಿಲ್ಲ.

ಅಡಿಯಲ್ಲಿದ್ದದ್ದು ಹೊರಬಂದದ್ದನ್ನು ನಾನು ನೋಡಲಿಲ್ಲ. ನಾನು ಕಾಲೇಜಿನಲ್ಲಿದ್ದ ಒಂದು ಹಗಲು ಹೋಗಿರಬೇಕು. ಸಂಜೆ ಬಂದಾಗ ತೂತು ಬುಡದ ತನಕ ಖಾಲಿ ಇತ್ತು. ನೋಡಿದಿಯಾ ಎಂದು ಅಮ್ಮನನ್ನು ಕೇಳಿದೆ. "ಎಂತದನ್ನು?" ಎಂದಳು. ಈಗ ಚಿಲಕ ಸರಿಯಾಗಿ ಬೀಳುತ್ತದೆ, ಆದರೆ ಯಾರೂ ಹಾಕುವುದಿಲ್ಲ.

ಆಮೇಲೆ ಸುಳ್ಯದ ಕಡೆಯಿಂದ ನನಗೊಂದು ಸಂಬಂಧ ಬಂತು. ಮಾವ ಉತ್ಸಾಹದಿಂದ ಫೋನು ಮಾಡಿದರು, ನೋಡಿದಿಯಾ, ದಾರಿ ಬಿಟ್ಟಿತು ಎಂದರು. ಅಮ್ಮ ಮೆಷಿನಿನ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. "ನೋಡುವ ಅಣ್ಣ, ಅವಸರ ಎಂತ ಉಂಟು ಈಗ?" ಎಂದಳು. ಫೋನು ಇಟ್ಟ ಮೇಲೆ ಚಕ್ರದ ಮೇಲೆ ಕೈಯಿಟ್ಟು, ತಲೆ ಓರೆಮಾಡಿ ಸ್ವಲ್ಪ ಹೊತ್ತು ಕೂತಳು. ಕೇಳ್ತದಾ ಎಂದು ನನ್ನನ್ನು ಕೇಳಲಿಲ್ಲ. ಹೊರಗೆ ಜೋರು ಮಳೆ ಇತ್ತು, ಯಾವ ಕಣಜವೂ ಹಾರುವ ಹೊತ್ತಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಕೇಳುತ್ತಿತ್ತು.